ಜೈಲಿನಿಂದ ಬಂದ ಇಬ್ಬರು ಕೆಲಸ ಕೇಳುತ್ತಿದ್ದಾರೆ, ಯಾರನ್ನು ಇಟ್ಟುಕೊಳ್ಳಲಿ?

ಗ್ರಿಲ್‌ಅಂಗಡಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ಅಂಗಡಿ ಇದೆ. ಕಿಟಕಿ ಗ್ರಿಲ್, ಗೇಟು, ಶಟರ್ ರಿಪೇರಿ, ಈಚೆಗೆ ತಾರಸಿ ಮೇಲೆ ಶೀಟ್ ಹಾಕುವ ಕೆಲಸ ಜಾಸ್ತಿ. ಕೆಲಸಕ್ಕೆ ಜನ ಸಿಗುತ್ತಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಗೋಳು. ಈಗ ನೋಡಿದರೆ ಒಟ್ಟಿಗೇ ಇಬ್ಬರು ಕೇಳಿಕೊಂಡು ಬಂದಿದ್ದಾರೆ, ಇಬ್ಬರೂ ಜೈಲಿನಿಂದ ಬಂದವರು.

ಒಬ್ಬರಿಗೆ 47 ವಯಸ್ಸು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದ ಕೇಸು, ಜೀವಾವಧಿ ಶಿಕ್ಷೆಯಾಗಿತ್ತು. ಈಗ ಸನ್ನಡತೆ ಮೇಲೆ ಬಿಟ್ಟಿದ್ದಾರೆ. ಒಳಗೇ ವೆಲ್ಡಿಂಗ್ ಕಲಿತಿದ್ದಾರೆ. ಒಂದು ಜಾಯಿಂಟ್ ಹೊಡೆಸಿ ನೋಡಿದೆ, ನನ್ನ ಹಳೇ ಹುಡುಗನಿಗಿಂತ ನೀಟಾಗಿದೆ. ಊರಿಗೆ ಹೋಗುವ ಹಾಗಿಲ್ಲ, ಸತ್ತವರ ಮನೆ ಪಕ್ಕದಲ್ಲೇ ಇದೆ, ಅದಕ್ಕೆ ಇಲ್ಲಿ ತಂಗಿ ಮನೆಯಲ್ಲಿದ್ದಾರೆ.

ಇನ್ನೊಬ್ಬ ನಮ್ಮ ಬೀದಿಯ ಹುಡುಗ, 21 ವಯಸ್ಸು. ಬೈಕ್ ಕಳ್ಳತನ. ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಕೆಲಸ ಬರುವುದಿಲ್ಲ, ಕಲಿಸಬೇಕು. ಅವರಮ್ಮ ನಮ್ಮ ಮನೆಯವರ ಹತ್ತಿರ ಬಂದು ಅತ್ತು ಹೋಗಿದ್ದಾರೆ.

ನಮ್ಮ ಮನೆಯವರು, ಪಕ್ಕದ ಅಂಗಡಿಯವರು, ಎಲ್ಲರದ್ದೂ ಒಂದೇ ಮಾತು: ಹುಡುಗ ಪಾಪ, ಚಿಕ್ಕವನು, ಅವನನ್ನು ಇಟ್ಟುಕೋ, ಕೊಲೆ ಮಾಡಿದವರನ್ನು ಮಾತ್ರ ಬೇಡ. ನನಗೂ ಮೊದಲು ಹಾಗೇ ಅನ್ನಿಸಿತು, ಆದರೆ ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಇಂಥವರನ್ನು ಇಟ್ಟುಕೊಂಡವರು, ಒಳಗಿನ ವಿಷಯ ಗೊತ್ತಿರುವವರು ಇದ್ದರೆ ಹೇಳಿ. ಮತ್ತೆ ತಪ್ಪು ಮಾಡುವವರು ಯಾರು, ಯಾಕೆ ಮಾಡುತ್ತಾರೆ? ಸುಮ್ನೆ ಉಪದೇಶ ಬೇಡ ದಯವಿಟ್ಟು.

---

ಹಳೇ_ವಾರ್ಡರ್:

ಸರ್, ನಾನು ಕಾರಾಗೃಹ ಇಲಾಖೆಯಲ್ಲಿ ದುಡಿದು ರಿಟೈರ್ ಆದವನು. ನಿಮ್ಮ ಮನೆಯವರ ಭಯ ಅರ್ಥವಾಗುತ್ತದೆ, ಆದರೆ ನಾನು ನೋಡಿದ ಮಟ್ಟಿಗೆ ಲೆಕ್ಕ ಉಲ್ಟಾ ಇದೆ.

ಸುಪಾರಿ ತೆಗೆದುಕೊಂಡು ಕೊಲ್ಲುವವರ ಮಾತು ಬೇರೆ, ಅವರನ್ನು ಬಿಡಿ. ಉಳಿದ ಕೊಲೆ ಕೇಸಿನವರಲ್ಲಿ ಬಹಳ ಜನ ಜೀವನದಲ್ಲಿ ಒಂದೇ ಸಲ, ಒಂದು ಗಳಿಗೆಯ ಸಿಟ್ಟಿನಲ್ಲಿ, ಗೊತ್ತಿರುವ ಮನುಷ್ಯನ ಮೇಲೆ ಕೈ ಎತ್ತಿದವರು. ಬದು, ನೀರು, ಕುಡಿತ, ಸಂಸಾರದ ಜಗಳ. ಜೈಲಿನಲ್ಲಿ ಅಡುಗೆ ಮನೆ, ಲೈಬ್ರರಿ, ಬಡಗಿ ಕೆಲಸ, ಆಫೀಸಿನ ಬರವಣಿಗೆ ಇದನ್ನೆಲ್ಲ ನಂಬಿ ಬಿಡುವುದು ಇಂಥವರ ಕೈಗೇ. ದೇವನಹಳ್ಳಿ ಹತ್ತಿರ ಕೊರಮಂಗಲದಲ್ಲಿ ಬಯಲು ಬಂದೀಖಾನೆ ಇದೆ ನೋಡಿ, ಅಲ್ಲಿ ಹೊಲ ತೋಟ ಮಾಡಿಕೊಂಡಿರಲು ಕಳಿಸುವುದೂ ಇಂಥ ಸನ್ನಡತೆಯ ಕೈದಿಗಳನ್ನೇ.

ಮತ್ತೆ ಈ ಮನುಷ್ಯ ಸುಮ್ನೆ ಹೊರಗೆ ಬಂದಿಲ್ಲ. ಕೊಲೆ ಕೇಸಿನ ಜೀವಾವಧಿ ಅಂದರೆ ಕಡಿಮೆ ಅಂದರೂ 14 ವರ್ಷ ನಿಜವಾಗಿ ಒಳಗೆ ಕಳೆಯಬೇಕು, ಶಿಕ್ಷೆಯಲ್ಲಿ ಮಾಫಿ ಮಾಡಿದ ದಿನಗಳನ್ನು ಆ 14ರಲ್ಲಿ ಸೇರಿಸಿಕೊಳ್ಳುವ ಹಾಗಿಲ್ಲ. ಆಮೇಲೆ ಊರಿನ ಪೊಲೀಸ್ ವರದಿ, ಪ್ರೊಬೇಷನ್ ಅಧಿಕಾರಿ ವರದಿ, ಕಮಿಟಿ, ಸರ್ಕಾರದ ಒಪ್ಪಿಗೆ. ನಡುವೆ ಪೆರೋಲ್ ಮೇಲೆ ಮನೆಗೆ ಹೋಗಿ, ಹೇಳಿದ ದಿನ ತಾನಾಗಿ ಗೇಟಿಗೆ ಬಂದು ನಿಂತಿರಬೇಕು. ಅದನ್ನೇ ಕೇಳಿ ನೋಡಿ, ಎಷ್ಟು ಸಲ ಪೆರೋಲ್ ಸಿಕ್ಕಿತ್ತು, ಲೇಟಾಗಿ ಬಂದದ್ದು ಇದೆಯಾ ಅಂತ. ನಾನಾಗಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಕೇಳುತ್ತಿದ್ದೆ. ಬಿಡುಗಡೆಯೂ ಷರತ್ತಿನ ಮೇಲೆ, ಷರತ್ತು ಮುರಿದರೆ ಉಳಿದ ಶಿಕ್ಷೆ ಅನುಭವಿಸಲು ವಾಪಸ್ ಕಳಿಸಬಹುದು. ಕಳೆದುಕೊಳ್ಳುವುದು ಅವರಿಗೆ ಬಹಳ ಇದೆ.

ಹುಡುಗನಿಗೆ ಇದ್ಯಾವುದೂ ಆಗಿಲ್ಲ. ವಿಚಾರಣಾಧೀನ ಕೈದಿ ಅಂದರೆ ಕೇಸಿನ ತೀರ್ಪು ಇನ್ನೂ ಆಗದವನು, ಬ್ಯಾರಕ್‌ನಲ್ಲಿ ಕೂತು ಕಾಯುವುದೇ ಅವನ ಕೆಲಸ. ಅವನಿಗೆ ಕೆಲಸ ಕಡ್ಡಾಯ ಅಲ್ಲ, ಹಾಗಾಗಿ ಬಹಳಷ್ಟು ಜನಕ್ಕೆ ಕೂಲಿಯೂ ಇಲ್ಲ. ಸಜಾ, ಅಂದರೆ ಶಿಕ್ಷೆಯಾದ ಕೈದಿಗಾದರೆ ಈಗ ನಮ್ಮ ರಾಜ್ಯದಲ್ಲಿ ದಿನಕ್ಕೆ ₹500ರ ಮೇಲೆ ಬರುತ್ತದೆ, ಹೊರಗೆ ಬರುವಾಗ ಕೈಯಲ್ಲಿ ಒಂದಿಷ್ಟು ದುಡ್ಡು ಇರುತ್ತದೆ. ಹುಡುಗ ಹೋಗುವಾಗ ಬರಿಗೈ, ಬರುವಾಗಲೂ ಬರಿಗೈ. ಜಾಮೀನು ಆದೇಶ ಯಾವಾಗ ಬರುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಒಂದು ಸಂಜೆ ಹೆಸರು ಕೂಗುತ್ತಾರೆ, ಬಟ್ಟೆ ಗಂಟು ಕಟ್ಟಿಕೊಂಡು ಹೊರಡುತ್ತಾನೆ. ಅಂಥವನಿಗೆ ಬಿಡುಗಡೆಯ ತಯಾರಿ ಯಾರು ಮಾಡಿಸಬೇಕು ಹೇಳಿ. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ಇದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರೇ. ಸುಧಾರಣೆ ಅಂತ ನಾವು ಮಾಡುವುದೆಲ್ಲ ಉಳಿದ ಕಾಲು ಭಾಗಕ್ಕೆ. ಗೇಟಿನಲ್ಲಿ ನಾನು ಮತ್ತೆ ಮತ್ತೆ ನೋಡಿದ ಮುಖಗಳು ಮಾತ್ರ ಮುಕ್ಕಾಲು ಭಾಗದವು.

---

ಸರೋಜ_ಎಂಸಿಸಿ:

ಕ್ಷಮಿಸಿ, ಇಲ್ಲಿ ಯಾರಾದರೂ ಒಬ್ಬರು ಈ ಕಡೆಯ ಮಾತು ಹೇಳಬೇಕು. ನನ್ನ ಮಾಂಗಲ್ಯದ ಸರ ಕಿತ್ತುಕೊಂಡು ಹೋದವನಿಗೂ ಅದೇ 20-22 ವಯಸ್ಸು. ಹಿಡಿದಾಗ ಗೊತ್ತಾಯಿತು, ಆಗಲೇ ಇನ್ನೊಂದು ಕೇಸಿನಲ್ಲಿ ಜಾಮೀನಿನ ಮೇಲೆ ಇದ್ದನಂತೆ. ಸರ ಕರಗಿಸಿ ಆಗಿತ್ತು. ಈಗಲೂ ಹಿಂದಿನಿಂದ ಬೈಕ್ ಸದ್ದು ಬಂದರೆ ಗೋಡೆ ಕಡೆ ಸರಿದು ಸೆರಗು ಎಳೆದುಕೊಳ್ಳುತ್ತೇನೆ. ಅವನಿಗೆ ಕೆಲಸ ಕೊಡಿ, ಮನೆ ಕೊಡಿ ಅಂತ ಬರೆಯುವವರು ನಮ್ಮ ಮನೆಗೆ ಬಂದು ಏನಾದರೂ ಕೇಳಿದ್ದಾರಾ? ಕೋರ್ಟಿಗೆ ಸಾಕ್ಷಿ ಹೇಳಲು ಕರೆಸುವುದು ಬಿಟ್ಟರೆ ನಮ್ಮನ್ನು ಯಾರೂ ಕೇಳುವುದಿಲ್ಲ.

ಅಣ್ಣ, ಕೆಲಸ ಕೊಡಬೇಡಿ ಅಂತ ಹೇಳುತ್ತಿಲ್ಲ. ಆದರೆ ನಿಮ್ಮದು ಗ್ರಿಲ್ ಅಂಗಡಿ. ಅಳತೆ ತೆಗೆಯಲು ಜನರ ಮನೆ ಒಳಗೆ ಹೋಗುತ್ತೀರಿ. ಯಾವ ಕಿಟಕಿಗೆ ಸರಳಿಲ್ಲ, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಹುಡುಗನನ್ನು ಇಟ್ಟುಕೊಂಡರೆ ಅಂಗಡಿಯಲ್ಲೇ ಇರಲಿ, ಮನೆಗಳಿಗೆ ಕಳಿಸಬೇಡಿ. ನಿಮ್ಮ ಗಿರಾಕಿಗಳು ನಂಬಿರುವುದು ನಿಮ್ಮನ್ನು, ಅವನನ್ನಲ್ಲ.

---

ಹೆಸರು_ಬೇಡ_77:

ಸರೋಜಾ ಮೇಡಂ ಹೇಳಿದ್ದು ಸರಿ ಇದೆ. ನಾನೂ ಒಳಗೆ ಹೋಗಿ ಬಂದವನೇ, ಈಗ ಗೂಡ್ಸ್ ಆಟೊ ಓಡಿಸುತ್ತೇನೆ. ಹುಡುಗನನ್ನು ಮನೆಗಳಿಗೆ ಕಳಿಸಬೇಡಿ, ಅವನಿಗೂ ಅದೇ ಒಳ್ಳೆಯದು, ಇಲ್ಲದಿದ್ದರೆ ಆ ಬೀದಿಯಲ್ಲಿ ಒಂದು ಗ್ಯಾಸ್ ಸಿಲಿಂಡರ್ ಕಾಣೆಯಾದರೂ ಅವನ ಮನೆ ಬಾಗಿಲೇ ಬಡಿಯುವುದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹುಡುಗನ ಹತ್ತಿರ ಒಂದೇ ವಿಷಯ ಕೇಳಿ: ಜಾಮೀನಿಗೆ ದುಡ್ಡು ಹಾಕಿದ್ದು ಯಾರು, ಶ್ಯೂರಿಟಿ, ಅಂದರೆ ಕೋರ್ಟಿಗೆ ಅವನ ಹೊಣೆ ನಿಂತದ್ದು ಯಾರು? ಶ್ಯೂರಿಟಿಗೆ ಪಹಣಿ ಬೇಕು, ಇಲ್ಲ ಮನೆ ಕಾಗದ ಬೇಕು. ನಮ್ಮಂಥವರ ಮನೆಯಲ್ಲಿ ಎರಡೂ ಇರುವುದಿಲ್ಲ. ಇದ್ದ ನೆಂಟರು ಕೊಡುವುದಿಲ್ಲ. ಆಗ ಒಳಗೆ ಪರಿಚಯವಾದ ಯಾರೋ ಒಬ್ಬ ಅಣ್ಣ, ಇರಲಿ ಬಿಡೋ ನಾನು ಹೇಳುತ್ತೇನೆ ಅನ್ನುತ್ತಾನೆ, ಎರಡೇ ದಿನಕ್ಕೆ ವಕೀಲರೂ ಬರುತ್ತಾರೆ, ಶ್ಯೂರಿಟಿಯೂ ಬರುತ್ತದೆ. ನಾನು ಹೊರಗೆ ಬಂದಾಗ ಗೇಟಿನ ಹತ್ತಿರ ಬೈಕ್ ಹಿಡಿದು ನಿಂತಿದ್ದವರು ಆ ಅಣ್ಣನ ಕಡೆಯ ಹುಡುಗರು. ನಮ್ಮ ಮನೆಯವರಿಗೆ ಬಿಡುಗಡೆ ಆದದ್ದೇ ಗೊತ್ತಿರಲಿಲ್ಲ. ಊಟ ಕೊಡಿಸಿದರು, ಫೋನ್ ಕೊಡಿಸಿದರು. ಸ್ವಲ್ಪ ದಿನ ಬಿಟ್ಟು ಒಂದು ಚಿಕ್ಕ ಕೆಲಸ ಇದೆ ಅಂದರು. ದುಡ್ಡು ತೀರಿಸುವ ದಾರಿ ನನಗೆ ಬೇರೆ ಇರಲಿಲ್ಲ. ಇದನ್ನು ಚಟ ಅನ್ನಿ, ಕೆಟ್ಟ ಬುದ್ಧಿ ಅನ್ನಿ, ಒಳಗಿದ್ದ ಎಷ್ಟೋ ಹುಡುಗರಿಗೆ ಇದು ಸಾಲ.

ಇನ್ನೊಂದು. ಹೊರಗೆ ಬಂದ ಮೊದಲ ದಿನಗಳಲ್ಲಿ ತಲೆ ಕೆಡುವುದು ಚಿಲ್ಲರೆ ವಿಷಯಗಳಿಗೆ. ಹಳೇ ನಂಬರ್ ಸತ್ತುಹೋಗಿರುತ್ತದೆ, ಆಧಾರ್‌ಗೆ ಅದೇ ನಂಬರ್, ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಬ್ಯಾಂಕ್ ಖಾತೆಗೆ ಜೀವ ಬರುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಇಷ್ಟು ದಿನ ಎಲ್ಲಿದ್ದೆ ಅನ್ನುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದಿರುತ್ತದೆ. ಡೆಲಿವರಿ ಕೆಲಸ, ಸೆಕ್ಯೂರಿಟಿ ಕೆಲಸ ಎರಡಕ್ಕೂ ಪೊಲೀಸ್ ವೆರಿಫಿಕೇಶನ್. ಇದನ್ನೆಲ್ಲ ಹಿಡಿದುಕೊಂಡು ಸೈಬರ್ ಸೆಂಟರ್‌ನಿಂದ ಸೈಬರ್ ಸೆಂಟರ್‌ಗೆ ಅಲೆಯುವಾಗ ಆ ಅಣ್ಣನ ಫೋನ್ ಬಂದರೆ ಎತ್ತದೇ ಇರುವುದು ಕಷ್ಟ ರೀ.

ನಾನು ಉಳಿದದ್ದು ನಮ್ಮ ಸೋದರಮಾವನಿಂದ. ಅವರು ಬುದ್ಧಿ ಹೇಳಲಿಲ್ಲ, ಬೇರೆ ಊರಿಗೆ ಕರೆದುಕೊಂಡು ಹೋಗಿ ಲೋಡಿಂಗ್ ಕೆಲಸಕ್ಕೆ ಹಾಕಿ, ಸಂಜೆ ಸಂಜೆಗೆ ಕೂಲಿ ಕೊಟ್ಟರು. ತಿಂಗಳ ಸಂಬಳ ಅಂದಿದ್ದರೆ ಮಧ್ಯದಲ್ಲೇ ಓಡಿಹೋಗುತ್ತಿದ್ದೆ.

---

ಸಮಾಜಕಾರ್ಯ_ಧಾರವಾಡ:

ಮೇಲಿನವರು ಅನುಭವದಿಂದ ಹೇಳಿದ್ದು ಲೆಕ್ಕದಲ್ಲೂ ಹಾಗೇ ಕಾಣುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಎಂಎಸ್‌ಡಬ್ಲ್ಯು ಓದಿದವಳು. ಬಿಡುಗಡೆಯಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಲೆಕ್ಕ ಅಮೆರಿಕದ್ದು. 2005ರಲ್ಲಿ ಅಲ್ಲಿನ 30 ರಾಜ್ಯಗಳ ಜೈಲುಗಳಿಂದ ಹೊರಬಂದವರನ್ನು ನೋಡಿದಾಗ, 24 ವಯಸ್ಸಿನ ಒಳಗಿನವರಲ್ಲಿ 5 ವರ್ಷದಲ್ಲಿ ಮತ್ತೆ ಅರೆಸ್ಟ್ ಆದವರು ಶೇ 84, 40 ದಾಟಿದವರಲ್ಲಿ ಶೇ 69. ಕಳ್ಳತನದಂಥ ಆಸ್ತಿ ಅಪರಾಧದವರಲ್ಲಿ ಶೇ 82, ಹಿಂಸೆಯ ಅಪರಾಧದವರಲ್ಲಿ ಶೇ 71. ಕೊಲೆ ಕೇಸಿನವರನ್ನು ಮಾತ್ರ ತೆಗೆದುಕೊಂಡರೆ ಇನ್ನೂ ಕಡಿಮೆ. ಇದು ಅರೆಸ್ಟ್ ಲೆಕ್ಕ, ಶಿಕ್ಷೆಯ ಲೆಕ್ಕ ಅಲ್ಲ, ಅದಕ್ಕೇ ಅಂಕಿ ಇಷ್ಟು ದೊಡ್ಡದು. ನಾರ್ವೆಯಲ್ಲಿ ಶೇ 20 ಅಷ್ಟೇ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅವರು ಅಳೆಯುವ ರೀತಿ ಬೇರೆ, ಅವಧಿಯೂ ಬೇರೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ಜಗಳ ಮಾಡುವುದು ದಂಡ. ನಮ್ಮ ಊರಿಗೆ ಆ ಅಂಕಿಗಳು ಹಾಗೇ ಹೊಂದುವುದೂ ಇಲ್ಲ. ನೋಡಬೇಕಾದ್ದು ಯಾರು ಜಾಸ್ತಿ, ಯಾರು ಕಡಿಮೆ ಅನ್ನುವುದನ್ನು.

ಅದೇ ಲೆಕ್ಕದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: 5 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಮೊದಲ 6 ತಿಂಗಳಲ್ಲೇ ಸಿಕ್ಕಿಬಿದ್ದಿದ್ದರು, ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷದಲ್ಲೇ. ಅಂದರೆ ಹುಡುಗನ ವಿಷಯದಲ್ಲಿ ನೀವು ನೋಡಬೇಕಾದ ಕಾಲ ಈಗಲೇ ನಡೆಯುತ್ತಿದೆ. ಎರಡು ವರ್ಷ ನೋಡೋಣ, ಸುಧಾರಿಸಿದರೆ ಕೆಲಸ ಕೊಡೋಣ ಅಂದರೆ ಅಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ.

ಹಾಗಂತ 21 ವಯಸ್ಸಿನವನು ಕೈಬಿಟ್ಟ ಲೆಕ್ಕ ಅಲ್ಲ. ಬಾಸ್ಟನ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ರಿಮ್ಯಾಂಡ್ ಶಾಲೆ ಸೇರಿದ್ದ 500 ಹುಡುಗರ ಬಗ್ಗೆ ಹಳೆಯ ಅಧ್ಯಯನ ಒಂದಿದೆ, ಸ್ಯಾಂಪ್ಸನ್ ಮತ್ತು ಲಾಬ್ ಅನ್ನುವ ಇಬ್ಬರು ಅದನ್ನು ಮುಂದುವರಿಸಿ ಆ ಹುಡುಗರ 70ನೇ ವಯಸ್ಸಿನವರೆಗೂ ನೋಡಿದರು. ಬಾಲ್ಯ ಒಂದೇ ಥರ ಇದ್ದವರಲ್ಲೂ ಕೆಲವರು ಬೇಗ ಬಿಟ್ಟರು, ಕೆಲವರು ಬಿಡಲಿಲ್ಲ. ಬಿಟ್ಟವರ ಬದುಕಿನಲ್ಲಿ ಎದ್ದು ಕಂಡದ್ದು ನಿಂತ ಕೆಲಸ, ಹೊಂದಿಕೊಂಡ ಸಂಸಾರ. ದಿನದ ಹೊತ್ತನ್ನು ಕಟ್ಟಿಹಾಕುವಂಥದ್ದು ಏನಾದರೂ ಇರಬೇಕು, ಎಲ್ಲಿದ್ದೆ ಅಂತ ಕೇಳುವವರು ಒಬ್ಬರಾದರೂ ಇರಬೇಕು. ಹೆಸರು ಬೇಡ ಅವರ ಸೋದರಮಾವ ಮಾಡಿದ್ದು ಅದನ್ನೇ ಅಲ್ವಾ?

---

ವಕೀಲ_ಹುಬ್ಬಳ್ಳಿ:

ಕಾನೂನಿನ ಕಡೆಯಿಂದ ಒಂದಿಷ್ಟು. ಶಿಕ್ಷೆ ಮುಗಿಸಿ ಬಂದವರನ್ನೋ ಜಾಮೀನಿನ ಮೇಲೆ ಇರುವವರನ್ನೋ ಖಾಸಗಿ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಮೇಲೆ ಕೇಸು ಬರುತ್ತದೆ ಅನ್ನುವುದೆಲ್ಲ ಕಟ್ಟೆ ಮಾತು. ಒಂದು ಎಚ್ಚರ ಮಾತ್ರ, ಹುಡುಗ ಯಾವತ್ತಾದರೂ ಹಳೇ ಕಬ್ಬಿಣ, ಬೈಕ್ ಪಾರ್ಟ್ಸ್ ಅಗ್ಗಕ್ಕೆ ತಂದುಕೊಡುತ್ತೇನೆ ಅಂದರೆ ಮುಟ್ಟಬೇಡಿ. ಕಳವು ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಅದೇ ಅಪರಾಧ, ಹೊಸ ದಂಡ ಕಾನೂನು ಬಿಎನ್‌ಎಸ್‌ನ 317ನೇ ಕಲಂ, ಹಳೆಯ ಐಪಿಸಿಯಲ್ಲಿ 411.

ಹುಡುಗ ಮತ್ತೆ ಒಳಗೆ ಹೋಗಲು ಹೊಸ ಕಳ್ಳತನವೇ ಮಾಡಬೇಕಾಗಿಲ್ಲ, ಇದನ್ನು ಯಾರೂ ಹೇಳಲಿಲ್ಲ. ಕೋರ್ಟಿನ ವಾಯಿದೆ ತಪ್ಪಿಸಿದರೆ ಸಾಕು. ವಾರಂಟ್ ಆಗುತ್ತದೆ, ಜಾಮೀನು ಹೋಗುತ್ತದೆ, ಜಾಮೀನು ಪಡೆದು ಹಾಜರಾಗದೇ ಇರುವುದು ತಾನೇ ಒಂದು ಅಪರಾಧ. ನನ್ನ ಹತ್ತಿರ ಬರುವ ಹುಡುಗರು ವಾಯಿದೆ ತಪ್ಪಿಸುವುದು ಬಹುಪಾಲು ಸಾಹುಕಾರ ರಜೆ ಕೊಡಲಿಲ್ಲ ಅಂತ, ಇಲ್ಲ ದಿನ ಮರೆತು. ಮೇಸ್ತ್ರಿ ಹತ್ತಿರ ಕೋರ್ಟಿಗೆ ಹೋಗಬೇಕು ಅಂತ ಹೇಳಲು ನಾಚಿಕೆ. ನಿಮಗೆ ವಿಷಯ ಗೊತ್ತಿರುವುದರಿಂದ ಆ ಕಷ್ಟವೇ ಇಲ್ಲ. ವಾಯಿದೆ ದಿನ ಕ್ಯಾಲೆಂಡರ್ ಮೇಲೆ ಬರೆದುಹಾಕಿ, ಅರ್ಧ ಕೇಸು ಗೆದ್ದ ಹಾಗೆ. ಸ್ಟೇಷನ್‌ಗೆ ಹೋಗಿ ಸಹಿ ಹಾಕುವ ಷರತ್ತು ಇದೆಯಾ ಅಂತಲೂ ಕೇಳಿ.

ಜಾಮೀನಿನ ಸಾಲದ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ದಾರಿಗಳಿವೆ, ಯಾರೂ ಹೇಳುವುದಿಲ್ಲ ಅಷ್ಟೇ. ಬಂಧನದಲ್ಲಿ ಇರುವ ಯಾರಿಗೇ ಆಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಜಾಮೀನು ಸಿಕ್ಕಿಯೂ 7 ದಿನದಲ್ಲಿ ಹೊರಗೆ ಬರಲು ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ ಕೈದಿಗಳ ಜಾಮೀನು ಹಣಕ್ಕೆ ನೆರವು ಕೊಡುವ ಯೋಜನೆಯನ್ನೂ ಕೇಂದ್ರ ಸರ್ಕಾರ ಅದೇ ವರ್ಷ ತಂದಿತು. ಹೊಸ ಕಾನೂನಿನಲ್ಲಿ ಮೊದಲ ಸಲ ಕೇಸಿಗೆ ಸಿಕ್ಕಿದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡಬೇಕು ಅಂತಲೂ ಇದೆ, ಅಪರಾಧ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಕಲಂ. ಆದರೆ ಅದರ ಕೆಳಗೇ ಇನ್ನೊಂದು ಉಪವಿಧಿ: ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೆ ಇದು ಸಿಗುವುದಿಲ್ಲ. ಬೈಕ್ ಕಳ್ಳತನದಲ್ಲಿ ಒಬ್ಬ ಸಿಕ್ಕರೆ ಹಳೆಯ ಪತ್ತೆಯಾಗದ ಕೇಸುಗಳನ್ನೂ ಅವನಿಗೇ ಅಂಟಿಸುವುದು ಹೊಸದೇನಲ್ಲ. ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಹೊರಗುಳಿದರು.

ಹುಡುಗನ ವಕೀಲರಿಗೆ ಒಂದು ಮಾತು ತಲುಪಿಸಿ. ಅಪರಾಧ ಸಾಬೀತಾದರೂ 1958ರ ಪ್ರೊಬೇಷನ್ ಕಾಯ್ದೆ ಕೆಳಗೆ ಜೈಲಿನ ಬದಲು ಸನ್ನಡತೆಯ ಬಾಂಡ್ ಮೇಲೆ ಬಿಡಿ ಅಂತ ಕೇಳಬಹುದು. ಆಗ ನಿಂತ ಕೆಲಸ ಇದೆ, ಕೆಲಸ ಕೊಟ್ಟವರು ಇವರು ಅಂತ ತೋರಿಸಿದರೆ ಪ್ರೊಬೇಷನ್ ಅಧಿಕಾರಿ ವರದಿಗೆ ತೂಕ ಬರುತ್ತದೆ. ಆ ಕಾಯ್ದೆಯ 12ನೇ ಕಲಂ ಪ್ರಕಾರ ಹಾಗೆ ಬಿಡುಗಡೆಯಾದವರಿಗೆ ಅಪರಾಧಿ ಅನ್ನುವ ಕಾರಣಕ್ಕೆ ಬರುವ ಅನರ್ಹತೆಯೂ ಅಂಟುವುದಿಲ್ಲ.

---

ಬೆಟಗೇರಿ_ಹುಡುಗ:

ಕೆಲಸ ಸಿಗದೇ ಹೋಗಲು ಜೈಲಿಗೆ ಹೋಗಿ ಬಂದಿರಲೇಬೇಕು ಅಂತ ಏನಿಲ್ಲ, ಅಡ್ರೆಸ್ ಸಾಕು. ಗದಗ-ಬೆಟಗೇರಿಯಲ್ಲಿ, ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಏರಿಯಾಗಳಿವೆ. ಬ್ರಿಟಿಷರು 1871ರಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಕಾಯ್ದೆ ಮಾಡಿದರು, ಆಮೇಲೆ ಬೇಲಿ ಹಾಕಿ ಕೂರಿಸಿದ ಜಾಗಗಳು ಅವು. ಕಾಯ್ದೆ 1952ರಲ್ಲಿ ಹೋಯಿತು, ಅಡ್ರೆಸ್ ಹೋಗಲಿಲ್ಲ. ಅರ್ಜಿಯಲ್ಲಿ ಸೆಟ್ಲಮೆಂಟ್ ಅಂತ ಬರೆದರೆ ಮುಖ ನೋಡುವ ರೀತಿಯೇ ಬದಲಾಗುತ್ತದೆ, ಅದಕ್ಕೆ ನಮ್ಮ ಗೆಳೆಯರು ಎಷ್ಟೋ ಜನ ಅತ್ತೆ ಮನೆ ಅಡ್ರೆಸ್ ಬರೆಯುತ್ತಾರೆ. ಜೈಲಿನ ಒಳಗೂ ಜಾತಿ ನೋಡಿ ಕೆಲಸ ಹಂಚಬಾರದು, ಇಂಥ ಸಮುದಾಯದವನು ಅಂತ ರೂಢಿಗತ ಅಪರಾಧಿ ಪಟ್ಟ ಕಟ್ಟಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ, ಇಷ್ಟು ತಡವಾಗಿ.

ಅಣ್ಣ, ಇಬ್ಬರನ್ನೂ ಇಟ್ಟುಕೊಳ್ಳಿ ಅಂತ ಹೇಳುವುದು ನನಗೆ ಸುಲಭ, ಅಂಗಡಿ ನಿಮ್ಮದು. ಆದರೆ ಯಾರನ್ನೇ ಇಟ್ಟುಕೊಂಡರೂ ಗಿರಾಕಿ ಮುಂದೆ ಇವನು ಜೈಲಿನಿಂದ ಬಂದವನು ಅಂತ ಪರಿಚಯ ಮಾಡಿಸಬೇಡಿ. ಹೊಗಳಿ ಹೇಳಿದರೂ ಬೇಡ.

---

ಗ್ರಿಲ್‌ಅಂಗಡಿ_ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಹಿರಿಯರ ಹತ್ತಿರ ಪೆರೋಲ್ ವಿಷಯ ಕೇಳಿದೆ. ಹೋದ ತಾರೀಖು, ಬಂದ ತಾರೀಖು ಎಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಅದನ್ನೇ ತೆಗೆದು ತೋರಿಸಿದರು. ಒಂದು ಸಲ ತಾಯಿ ತೀರಿಕೊಂಡಾಗ ಹೋದದ್ದು, ತಿಥಿ ಮುಗಿಯುವ ಮುಂಚೆ ವಾಪಸ್ ಹೊರಟಿದ್ದರಂತೆ. ಸೋಮವಾರದಿಂದ ಬರುತ್ತಾರೆ. ನಮ್ಮ ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ, ಅಂಗಡಿಗೆ ಚಹಾ ಕಳಿಸುವುದನ್ನು ನಿಲ್ಲಿಸುತ್ತೇನೆ ಅಂದಿದ್ದಾರೆ, ನೋಡೋಣ.

ಹುಡುಗನ ಹತ್ತಿರ ಶ್ಯೂರಿಟಿ ಯಾರು ಅಂತ ಕೇಳಿದ ಕೂಡಲೇ ತಲೆ ತಗ್ಗಿಸಿದ. ಆಮೇಲೆ ಹೇಳಿದ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಹೆಸರೇ. ಎಷ್ಟು ಕೊಡಬೇಕು ಅಂತ ಅವನಿಗೂ ಸರಿಯಾಗಿ ಗೊತ್ತಿಲ್ಲ, ಕೇಳಿದಾಗೆಲ್ಲ ಜಾಸ್ತಿ ಹೇಳುತ್ತಾರಂತೆ. ಅವನನ್ನು ಅಂಗಡಿ ಒಳಗೆ ಗ್ರೈಂಡಿಂಗ್, ಪೇಂಟಿಂಗ್‌ಗೆ ಹಾಕೋಣ, ಸಂಜೆ ಸಂಜೆಗೆ ಕೂಲಿ ಕೊಡೋಣ ಅಂತ ಇದ್ದೇನೆ. ಸರೋಜಾ ಅಕ್ಕ, ಮನೆಗಳಿಗೆ ಕಳಿಸುವುದಿಲ್ಲ. ಆದರೆ ಈ ಸಾಲಕ್ಕೆ ಏನು ಮಾಡುವುದು? ನಾನು ತೀರಿಸಲು ಹೋದರೆ ನಾಳೆ ಅವರು ನನ್ನ ಅಂಗಡಿಗೇ ಬಂದು ಕೂರುತ್ತಾರೆ.

---

ವಕೀಲ_ಹುಬ್ಬಳ್ಳಿ:

ದುಡ್ಡು ಕೊಡಬೇಡಿ, ಮಾತಿಗೂ ಹೋಗಬೇಡಿ. ಮೊದಲು ಶ್ಯೂರಿಟಿ ಬದಲಾಯಿಸಿ. ಹಳೇ ಶ್ಯೂರಿಟಿಯನ್ನು ಬಿಡುಗಡೆ ಮಾಡಿ ಹೊಸಬರನ್ನು ಕೊಡುತ್ತೇವೆ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಅವರಮ್ಮನ ಕಡೆ ಪಹಣಿ ಇರುವ ನೆಂಟರು ಒಬ್ಬರಾದರೂ ಇದ್ದಾರಾ ಕೇಳಿ. ಅದು ಆಗುವವರೆಗೆ ಹಳಬರನ್ನು ಎದುರು ಹಾಕಿಕೊಳ್ಳುವುದು ಬೇಡ, ಅವರೇ ಶ್ಯೂರಿಟಿ ಹಿಂದೆ ತೆಗೆದುಕೊಂಡರೆ ಹೊಸಬರು ಸಿಗುವ ತನಕ ಹುಡುಗ ಒಳಗೆ ಕೂರಬೇಕಾಗುತ್ತದೆ. ಕೇಸ್ ನಂಬರ್ ಇಲ್ಲಿ ಹಾಕಬೇಡಿ. ದಾವಣಗೆರೆ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇದೆ, ಮುಂದಿನ ವಾಯಿದೆಗೆ ಮುಂಚೆ ಅವರಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿ.